ನಮ್ಮ ಬೀದಿಯ ನಕ್ಷೆ ಯಾರ ಕೈಯಲ್ಲಿರಬೇಕು?



ಕಳೆದ ಬೇಸಿಗೆಯಲ್ಲಿ ನಮ್ಮ ಬೊಮ್ಮನಹಾಳಿಗೆ ಏಳೆಂಟು ಮಂದಿ ಕಾಲೇಜು ವಿದ್ಯಾರ್ಥಿಗಳು ಬಂದಿದ್ದರು. ಹುಡುಗರೂ ಇದ್ದರು, ಹುಡುಗಿಯರೂ ಇದ್ದರು. ಕೈಯಲ್ಲಿ ದೊಡ್ಡ ಹಾಳೆ, ಬಣ್ಣದ ಪೆನ್ಸಿಲು, ಹೆಗಲಲ್ಲಿ ಒಂದೊಂದು ಚೀಲ. ಬಸ್ ನಿಲ್ದಾಣದಿಂದ ಕಾಲುವೆಯವರೆಗೆ ಬೀದಿ ಬೀದಿ ನಡೆದರು. ನಲ್ಲಿ ಎಲ್ಲಿದೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹೆಂಗಸರು ಎಲ್ಲಿ ಕುಳಿತು ಮಾತಾಡುತ್ತಾರೆ, ಕಸ ಎಲ್ಲಿ ಬೀಳುತ್ತದೆ, ಸಂಜೆ ಮಕ್ಕಳು ಎಲ್ಲಿ ಆಡುತ್ತಾರೆ, ಬಳ್ಳಾರಿಗೆ ಕೂಲಿಗೆ ಹೋಗುವವರು ಯಾವ ಮನೆಯವರು, ಇದನ್ನೆಲ್ಲ ಕೇಳಿ ಕೇಳಿ ಹಾಳೆಯ ಮೇಲೆ ಗುರುತು ಹಾಕಿಕೊಂಡರು. ಜನ ಬದುಕುವ ರೀತಿಯನ್ನು ಜನರ ಬಾಯಿಂದಲೇ ಕೇಳಿ ನಕ್ಷೆಯಲ್ಲಿ ತೋರಿಸುವುದು ಅವರ ಪಾಠದ ಒಂದು ಭಾಗವಂತೆ. ಊರು ನೀರನ್ನೂ ನೆರಳನ್ನೂ ನೆಲವನ್ನೂ ಮುಂದಿನ ತಲೆಮಾರಿಗೆ ಉಳಿಸಿ ಬಾಳುವುದು ಹೇಗೆಂದು ತಿಳಿಯುವುದು ಅದರ ಉದ್ದೇಶವಂತೆ.

ನಮ್ಮ ಬೀದಿಯ ಒಬ್ಬ ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟು ಕೂರಿಸಿ ಒಂದೇ ಮಾತು ಹೇಳಿದಳು: "ಬರಕೊಂಡು ಹೋಗೋರು ಬಾಳ ಮಂದಿ ಬಂದಾರಪ್ಪ. ಬರದಿದ್ದನ್ನ ತಂದು ತೋರಿಸಿದೋರು ಒಬ್ಬರೂ ಇಲ್ಲ."

ಆ ಮಕ್ಕಳು ತಲೆ ತಗ್ಗಿಸಿದರು. ನನಗೂ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಈ ಲೇಖನವನ್ನು ಬರೆಯಲು ಆ ಮಾತೇ ಕಾರಣ.

ಕಾಫಿ ತೋಟದ ಲೈನುಗಳಲ್ಲಿರುವ ನಮಗೆ ಬೊಮ್ಮನಹಾಳಿನ ಸಂಗತಿ ಏಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಅನೇಕರ ಹಿರಿಯರು ಇಂಥ ಬಯಲುಸೀಮೆಯ ಊರುಗಳಿಂದಲೇ ಘಟ್ಟ ಹತ್ತಿದವರು. ಅದೂ ಅಲ್ಲದೆ, ಲೆಕ್ಕ ಬರೆಯುವವರು, ಅಳತೆ ಮಾಡುವವರು, ಫೋಟೋ ತೆಗೆಯುವವರು ನಿಮ್ಮ ಲೈನಿಗೂ ಬರುತ್ತಾರೆ. ಅವರನ್ನು ಹೇಗೆ ಬರಮಾಡಿಕೊಳ್ಳಬೇಕು, ಅವರಿಂದ ಏನು ಕೇಳಿ ಪಡೆಯಬೇಕು ಎಂಬುದು ನಮ್ಮೆಲ್ಲರಿಗೂ ಸೇರಿದ ಪ್ರಶ್ನೆ.

ಮೊದಲು ನಮ್ಮ ಸಂಶಯದ ಮಾತು ಹೇಳುತ್ತೇನೆ. ಅದು ಕಾರಣವಿಲ್ಲದ ಸಂಶಯವಲ್ಲ. ಕೆಲವು ವರ್ಷಗಳ ಹಿಂದೆ ಒಂದು ತಂಡ ಬಂದು ನಮ್ಮ ಬೀದಿಯನ್ನು ಅಳತೆ ಮಾಡಿಕೊಂಡು ಹೋಯಿತು. ಆಮೇಲೆ ಯಾವುದೋ ಕೆಲಸಕ್ಕೆ ಕಚೇರಿಗೆ ಹೋದಾಗ ಅಲ್ಲಿಯ ನಕ್ಷೆಯಲ್ಲಿ ಕಾಲುವೆ ದಂಡೆಯ ನಮ್ಮ ಹದಿನಾರು ಮನೆಗಳಿದ್ದ ಜಾಗ ಬರಿದಾಗಿತ್ತು. 'ಖಾಲಿ ಜಾಗ' ಎಂದು ಬರೆದಿತ್ತು. ಅಲ್ಲಿ ಮಕ್ಕಳು ಹುಟ್ಟಿದ್ದರು, ಮುದುಕರು ಸತ್ತಿದ್ದರು, ಮದುವೆ ಚಪ್ಪರಗಳು ಎದ್ದಿದ್ದವು. ಕಾಗದದ ಮೇಲೆ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ನಾವು ಅಲ್ಲಿದ್ದೇವೆ ಎಂದು ತೋರಿಸಲು ಎರಡು ವರ್ಷ ಅಲೆದೆವು. ನಲ್ಲಿ ಬಂದದ್ದು ಆಮೇಲೆ.

ಗೆರೆ ಮತ್ತು ಲೆಕ್ಕದ ಬಲ ಎಷ್ಟೆಂದು ನಮ್ಮ ಸೀಮೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕಿನ ವಿಚಾರಣೆಗೆ ನ್ಯಾಯಮೂರ್ತಿ ಮಿಶ್ರ ಅವರನ್ನೇ ನೇಮಿಸಬೇಕಾಯಿತು. ಯಾವ ಊರಿನಲ್ಲಿ ಯಾವ ಭಾಷೆಯವರು ಎಷ್ಟು ಮಂದಿ ಎಂಬ ಲೆಕ್ಕಕ್ಕೆ ಆಗ ಬಹಳ ಬೆಲೆ ಬಂತು. ರಾಯದುರ್ಗವು ಅನಂತಪುರ ಜಿಲ್ಲೆಗೆ ಸೇರಿತು. ಅದರೊಡನೆ ನಾವೂ ಸೇರಿದೆವು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆ ಬಳ್ಳಾರಿ. 2022ರಲ್ಲಿ ಜಿಲ್ಲೆಗಳನ್ನು ಮತ್ತೆ ಹಂಚಿದಾಗ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ನಾವು ಅನಂತಪುರದಲ್ಲೇ ಉಳಿದೆವು. ಹೊಲ ಅಲ್ಲೇ ಇದೆ, ಬಾವಿ ಅಲ್ಲೇ ಇದೆ, ಗೆರೆ ಮಾತ್ರ ಓಡಾಡುತ್ತದೆ. ಗೆರೆ ಓಡಾಡಿದಾಗ ಮಕ್ಕಳ ಪಾಠಪುಸ್ತಕ, ಅರ್ಜಿಯ ಭಾಷೆ, ಕೆಲಸದ ಆಸೆ ಎಲ್ಲವೂ ಅದರ ಹಿಂದೆ ಓಡಾಡಬೇಕಾಗುತ್ತದೆ.

ಆದ್ದರಿಂದ ನಕ್ಷೆಯೆಂದರೆ ನಮಗೆ ಭಯ. ಹೀಗಿದ್ದರೂ ಈ ಮಕ್ಕಳನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಬಾರದು ಎಂದೇ ನಾನು ಹೇಳುತ್ತೇನೆ. ಕಾರಣಗಳಿವೆ.

ವಿದ್ಯಾರ್ಥಿಗಳು ಊರನ್ನು ಬರೆದಿಡುವ ಕೆಲಸ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1916ರ ಸುಮಾರಿಗೆ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗಿಲ್ಬರ್ಟ್ ಸ್ಲೇಟರ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರಿದ್ದರು. ಆಗ ನಮ್ಮ ರಾಯದುರ್ಗವೂ ಮದರಾಸು ಪ್ರಾಂತದೊಳಗೇ ಇತ್ತು. ಅವರು ತಮ್ಮ ವಿದ್ಯಾರ್ಥಿಗಳ ಕೈಗೆ ಪ್ರಶ್ನೆಗಳ ಪಟ್ಟಿ ಕೊಟ್ಟು, ರಜೆಯಲ್ಲಿ ನಿಮ್ಮ ನಿಮ್ಮ ಊರಿಗೆ ಹೋಗಿ ಬರೆದುಕೊಂಡು ಬನ್ನಿರೆಂದು ಕಳುಹಿಸಿದರು. ಕೂಲಿ ಎಷ್ಟು, ಸಾಲ ಎಷ್ಟು, ಭೂಮಿ ಯಾರದು, ಊಟ ಏನು ಎಂದು ಆ ಹುಡುಗರು ಬರೆದು ತಂದದ್ದು 1918ರಲ್ಲಿ ಪುಸ್ತಕವಾಯಿತು. ಇಪ್ಪತ್ತು ವರ್ಷಗಳ ಮೇಲೆ ಅದೇ ವಿಶ್ವವಿದ್ಯಾನಿಲಯದವರು ಅದೇ ಊರುಗಳಿಗೆ ಮತ್ತೆ ಹೋಗಿ ನೋಡಿದರು; ಅದರ ಪುಸ್ತಕ 1940ರಲ್ಲಿ ಬಂತು. ಮೊದಲು ಬರೆದಿಟ್ಟಿದ್ದರಿಂದಲ್ಲವೇ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಅಳೆಯಲು ಸಾಧ್ಯವಾದದ್ದು? ಕೂಲಿಕಾರನ ಬಾಳು ಹೇಗಿತ್ತೆಂದು ನೆನಪಿನಿಂದ ಹೇಳಿದರೆ ಧಣಿ ಒಪ್ಪುವುದಿಲ್ಲ. ಹಾಳೆ ತೋರಿಸಿದರೆ ಸುಮ್ಮನಾಗುತ್ತಾನೆ.

ಎರಡನೆಯ ಸಂಗತಿ ನಮ್ಮ ಮಂಡ್ಯದ್ದು. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಣ್ಣುಮಗಳು ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಊರುಗಳ ನಿಜವಾದ ಹೆಸರು ಮರೆಮಾಡಿ ವಂಗಲ, ದಲೇನ ಎಂದು ಕರೆದರು. ಒಂದಕ್ಕೆ ಕಾಲುವೆ ನೀರು ಬಂದಿತ್ತು. ಇನ್ನೊಂದು ಎತ್ತರದಲ್ಲಿದ್ದುದರಿಂದ ಅದರ ಹೊಲಗಳಿಗೆ ನೀರು ಹತ್ತಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಎಣಿಸುತ್ತಾರೆ. ಅವರು ಕಂಡದ್ದು ಬೇರೆ. ನೀರು ಬಂದ ಊರು ಕಬ್ಬು ಬೆಳೆದು ಹಣ ಕಂಡರೂ ಹಳೆಯ ಕಟ್ಟುಕಟ್ಟಳೆಯಲ್ಲೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯ ಪಟ್ಟಣಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರ ಹಿಡಿದರು, ಅವರ ಮನೆಗಳೂ ಸಂಬಂಧಗಳೂ ಬದಲಾದವು. ಎಲ್ಲರೂ ಎಣಿಸಿದ್ದು ಒಂದು, ಮನೆ ಮನೆಗೆ ಹೋಗಿ ಕೇಳಿದವರಿಗೆ ಸಿಕ್ಕಿದ್ದು ಇನ್ನೊಂದು. ಕೇಳಿ ಬರೆಯುವುದರ ಬೆಲೆ ಇದು.

ಈ ಮಾತು ಬೊಮ್ಮನಹಾಳಿಗೆ ಹೇಳಿ ಮಾಡಿಸಿದಂತಿದೆ. ನಮ್ಮ ಮಗ್ಗುಲಲ್ಲೇ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಹರಿಯುತ್ತದೆ. ಕಾಲುವೆಯ ನೀರು ಹತ್ತಿದ ಹೊಲದಲ್ಲಿ ಭತ್ತ, ಮೆಣಸಿನಕಾಯಿ. ಹತ್ತದ ಹೊಲದಲ್ಲಿ ಮಳೆಗೆ ಬಾಯಿ ಬಿಡುವ ಬೆಳೆ. ಇನ್ನೊಂದು ಕಡೆ ಹಗರಿ, ಅಂದರೆ ವೇದಾವತಿ. ಮೇಲೆ ಮಾರಿಕಣಿವೆಯಲ್ಲಿ 1907ರಲ್ಲೇ ಅದಕ್ಕೆ ಕಟ್ಟೆ ಕಟ್ಟಿದರು. ನಮ್ಮ ಹತ್ತಿರ ಅದು ನೀರಿಗಿಂತ ಮರಳನ್ನೇ ಹೆಚ್ಚು ತೋರಿಸುತ್ತದೆ. ಗಾಳಿಯ ಕಾಲದಲ್ಲಿ ಹಗರಿಯ ಮರಳು ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಬೊಮ್ಮನಹಾಳ್, ಕಣೇಕಲ್ ಕಡೆಗೆ ಬಂದವರು ಇದೇನು ಮರುಭೂಮಿಯೇ ಎಂದು ಬೆರಗಾಗುತ್ತಾರೆ. ಯಾವ ದಿಬ್ಬದ ಕೆಳಗೆ ಯಾರ ಹೊಲವಿತ್ತು, ಯಾವ ಬಾವಿ ಹೂತುಹೋಯಿತು, ಮರಳು ತಡೆಯಲು ಹಿರಿಯರು ಎಲ್ಲಿ ಯಾವ ಗಿಡ ನೆಟ್ಟಿದ್ದರು ಎಂಬುದು ಮುದುಕರ ತಲೆಯಲ್ಲಿ ಮಾತ್ರ ಇದೆ. ಆ ಮುದುಕರು ಹೋದರೆ ಆ ನಕ್ಷೆಯೂ ಅವರ ಜೊತೆಗೇ ಮಣ್ಣಾಗುತ್ತದೆ. ಬಂದ ವಿದ್ಯಾರ್ಥಿಗಳಲ್ಲಿ ಒಬ್ಬ ಹುಡುಗಿ ಒಬ್ಬ ಮುದುಕನನ್ನು ಕರೆದುಕೊಂಡು ದಿಬ್ಬದ ಮೇಲೆ ಒಂದು ಮಧ್ಯಾಹ್ನವೆಲ್ಲ ತಿರುಗಿದಳು. ಅವನು ಕೋಲಿನಿಂದ ತೋರಿಸಿದ, ಅವಳು ಬರೆದಳು. ಆ ಒಂದು ಹಾಳೆಗಾಗಿಯಾದರೂ ಅವರು ಬಂದದ್ದು ಒಳ್ಳೆಯದಾಯಿತು.

ಮೂರನೆಯದು ಬೆಂಗಳೂರಿನ ಸಂಗತಿ. ಪಟ್ಟಣದ ಕೊಳಚೆ ಪ್ರದೇಶವೆಂದರೆ ಬರೀ ಹೊಲಸು, ಅಲ್ಲಿ ಗಿಡಮರದ ಮಾತೇಕೆ ಎನ್ನುವವರು ಬಹಳ. ಅಲ್ಲಿಯ ನಲವತ್ತನಾಲ್ಕು ಕೊಳಚೆ ಪ್ರದೇಶಗಳಲ್ಲಿ ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ಎಂಬ ಸಂಶೋಧಕಿಯರು ಗಿಡಮರಗಳನ್ನು ಎಣಿಸಿ, ಜನರನ್ನು ಮಾತಾಡಿಸಿ 2014ರಲ್ಲಿ ಪ್ರಕಟಿಸಿದರು. ಜಾಗ ಅಂಗೈಯಗಲ, ಆದರೂ ಜನ ಗಿಡ ಬೆಳೆಸಿದ್ದರು. ಒಡೆದ ಬಕೆಟ್ಟು, ಬಣ್ಣದ ಡಬ್ಬಿ, ಪ್ಲಾಸ್ಟಿಕ್ ಚೀಲ ಇವೇ ಅವರ ಕುಂಡಗಳು. ಅಂದಕ್ಕಾಗಿ ನೆಟ್ಟವುಗಳಿಗಿಂತ ಸಾರಿಗೆ, ಔಷಧಿಗೆ, ಪೂಜೆಗೆ ಆಗುವ ಗಿಡಗಳೇ ಅಲ್ಲಿ ಹೆಚ್ಚು. ಮರದ ನೆರಳು ಹೆಂಗಸರ ಕೆಲಸದ ಜಾಗ, ಮುದುಕರ ಮಾತಿನ ಕಟ್ಟೆ. ಊರನ್ನು ಉಳಿಸುವ ವಿದ್ಯೆಯನ್ನು ದೊಡ್ಡವರು ಸಭೆ ಸೇರಿ ಹುಡುಕುತ್ತಿರುವಾಗ, ಒಡೆದ ಬಕೆಟ್ಟಿನಲ್ಲಿ ಅದನ್ನು ಬೆಳೆಸುತ್ತಿದ್ದವರು ಕೂಲಿಯವರು. ಯಾರಾದರೂ ಹೋಗಿ ಎಣಿಸಿದ್ದರಿಂದ ಇದು ಹೊರಗೆ ತಿಳಿಯಿತು. ಲೈನಿನ ಹಿಂದೆ ನಿಮ್ಮ ಮನೆಯವಳು ಬೆಳೆಸಿರುವ ನುಗ್ಗೆಯನ್ನೂ ಕೆಸುವಿನ ಎಲೆಯನ್ನೂ ಈವರೆಗೆ ಯಾರು ಎಣಿಸಿದ್ದಾರೆ?

ಇಷ್ಟು ಹೇಳಿದ ಮೇಲೆ ಈ ವಿದ್ಯೆಯ ದೋಷವನ್ನೂ ಹೇಳಬೇಕು. ಬರೆಯುವವನು ಎಲ್ಲಿ ಕೂರುತ್ತಾನೋ ಅಲ್ಲಿಂದ ಕಾಣುವುದನ್ನೇ ಬರೆಯುತ್ತಾನೆ. ನಮ್ಮ ನಾಡಿನ ದೊಡ್ಡ ವಿದ್ವಾಂಸರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಊರ ಮುಖ್ಯಸ್ಥನಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ ಅವರಿದ್ದರು. ತಮ್ಮ ನೋಟ ಮೇಲಿನ ಜಾತಿಯವರ ಕಡೆಯಿಂದ ಬಂದದ್ದು, ಹರಿಜನರ ಕೇರಿ ತಮಗೆ ಸಾಕಷ್ಟು ತಿಳಿಯಲಿಲ್ಲವೆಂದು ಆಮೇಲೆ ಅವರೇ ಒಪ್ಪಿಕೊಂಡರು. ದೊಡ್ಡವರ ದೊಡ್ಡತನ ಅದು. ಅಂಥವರಿಗೇ ಹೀಗಾದರೆ, ಹತ್ತು ದಿನಕ್ಕೆಂದು ಬರುವ ಮಕ್ಕಳ ಗತಿಯೇನು? ತೋಟದಲ್ಲಿ ಬಂಗಲೆಯ ಜಗುಲಿಯ ಮೇಲೆ ಕುಳಿತು ಲೈನಿನ ನಕ್ಷೆ ಬರೆದರೆ ಎಂಥ ನಕ್ಷೆಯಾದೀತು?

ಶ್ರೀನಿವಾಸರ ಬಾಳಿನಿಂದಲೇ ಇನ್ನೊಂದು ಪಾಠವೂ ಇದೆ. ಅವರು ವರ್ಷಗಟ್ಟಲೆ ಶ್ರಮಪಟ್ಟು ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಬಲಿಯಾದವು. ಅವರು ಎದೆಗುಂದದೆ ನೆನಪಿನಿಂದಲೇ ಪುಸ್ತಕ ಬರೆದರು, ಅದು 1976ರಲ್ಲಿ ಪ್ರಕಟವಾಗಿ ಹೆಸರಾಯಿತು. ಆದರೆ ಯೋಚಿಸಿ ನೋಡಿ: ಮೂರು ಪ್ರತಿಗಳೂ ಒಂದೇ ಕಡೆ ಇದ್ದವು, ಊರಿನಲ್ಲಿ ಒಂದೂ ಇರಲಿಲ್ಲ. ನಮ್ಮ ಅಜ್ಜಿಯ ಮಾತು ಇಲ್ಲಿಗೆ ಬಂದು ಸೇರುತ್ತದೆ. ಊರಿನದನ್ನು ಬರೆದ ಹಾಳೆಯ ಒಂದು ಪ್ರತಿ ಊರಿನಲ್ಲೇ ಇರಬೇಕು.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತು. ಕಾಲುವೆ ದಂಡೆಯ ಮನೆಗಳಲ್ಲಿ ಎಲ್ಲರಿಗೂ ಪಟ್ಟಾ ಇಲ್ಲ. ವಿದ್ಯಾರ್ಥಿಗಳು ಬಂದಾಗ ಅಲ್ಲಿ ವಾದ ಎದ್ದಿತು. ಒಬ್ಬ ಹೇಳಿದ: "ನಕ್ಷಾದಾಗ ನಮ್ಮನೀ ಬಂದ್ರೆ ನಲ್ಲಿ ಬರ್ತೈತಿ, ದೀಪ ಬರ್ತೈತಿ." ಇನ್ನೊಬ್ಬ ಹೇಳಿದ: "ನಲ್ಲಿಗಿಂತ ಮುಂಚೆ ನೋಟೀಸು ಬರ್ತೈತಿ." ಇಬ್ಬರದ್ದೂ ನಿಜ. ಕಾಣದೆ ಇದ್ದರೆ ಸವಲತ್ತು ಇಲ್ಲ, ಕಂಡರೆ ಎತ್ತಂಗಡಿಯ ಭಯ. ಬಡವನ ಮನೆ ಎಂದರೆ ಈ ಎರಡರ ನಡುವೆ ಕಟ್ಟಿದ ಮನೆ. ತೋಟದಲ್ಲೂ ಇದೇ ಕಥೆ. ಕೆಲಸ ಮುಗಿದ ಮೇಲೆ ಲೈನಿನಲ್ಲಿ ಉಳಿದ ಮುದುಕರ ಹೆಸರು, ಊರಿನಿಂದ ಬಂದು ಸೇರಿದ ನೆಂಟರ ಹೆಸರು ಪಟ್ಟಿಗೆ ಸೇರಿದರೆ ಒಳ್ಳೆಯದೋ ಕೆಟ್ಟದೋ ಎಂದು ನೀವೂ ತಲೆ ಕೆಡಿಸಿಕೊಂಡಿದ್ದೀರಿ.

ನಾನು ಇದನ್ನು ಬಹಳ ಯೋಚಿಸಿದೆ. ನನ್ನ ಅಭಿಪ್ರಾಯ ಇಷ್ಟು: ನೀರು, ದಾರಿ, ಶಾಲೆ, ನೆರಳು, ಶೌಚ, ಸ್ಮಶಾನ ಇವು ಎಲ್ಲರವು, ಇವನ್ನು ಧೈರ್ಯವಾಗಿ ನಕ್ಷೆಗೆ ತರಬೇಕು. ಆದರೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಕಾಗದವಿದೆ, ಯಾರಿಗಿಲ್ಲ, ಯಾರಿಗೆ ಎಷ್ಟು ಸಾಲವಿದೆ ಎಂಬುದು ಆ ಮನೆಯ ಸ್ವತ್ತು. ಮನೆಯವರು ಒಪ್ಪಿದರೆ ಬರೆಯಲಿ, ಒಪ್ಪದಿದ್ದರೆ ಬಿಡಲಿ. ಒಪ್ಪಿಗೆ ಎಂದರೆ ಗಂಡಸಿನ ಒಪ್ಪಿಗೆಯೊಂದೇ ಅಲ್ಲ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಈಗ ಒಂದು ಗಳಿಗೆಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ, ಮನೆ ಇರುವ ಜಾಗವನ್ನೂ ಹೇಳಿಬಿಡುತ್ತದೆ. ಹಳೆಯ ಕಾಲದ ಹಾಳೆಗಿಂತ ಇದಕ್ಕೆ ಹೆಚ್ಚು ಎಚ್ಚರ ಬೇಕು.

ನಮ್ಮ ಊರಿನಲ್ಲಿ ಹೀಗೇ ಮಾಡಿದೆವು. ಮೊದಲು ನೆಲದ ಮೇಲೆ ಸುಣ್ಣ, ರಂಗೋಲಿ ಪುಡಿ, ಕಲ್ಲು, ಎಲೆಗಳಿಂದ ಜನರೇ ಊರನ್ನು ಬಿಡಿಸಿದರು. ಈ ಪದ್ಧತಿ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡದಂಥ ಸಂಸ್ಥೆಗಳಿಂದ ಮೂವತ್ತು ವರ್ಷಕ್ಕೂ ಹಿಂದೆಯೇ ಬಳಕೆಗೆ ಬಂದದ್ದು. ಗಂಡಸರು ಬಿಡಿಸಿದ ಊರಿನಲ್ಲಿ ರಸ್ತೆ, ಗುಡಿ, ಚರ್ಚು, ಮಸೀದಿ, ಚಹಾದಂಗಡಿ, ಪಂಚಾಯಿತಿ ಕಟ್ಟಡ ಇದ್ದವು. ಹೆಂಗಸರು ಬಿಡಿಸಿದ ಊರಿನಲ್ಲಿ ನಲ್ಲಿ, ಸೌದೆ ತರುವ ದಾರಿ, ಕತ್ತಲಲ್ಲಿ ಹೋಗಲು ಹೆದರುವ ತಿರುವು, ಕೂಸಿಗೆ ಹಾಲು ಕೊಡುವ ಮನೆ ಇದ್ದವು. ಒಂದೇ ಊರೇ ಇದು ಎಂದು ನಾವೇ ಬೆರಗಾದೆವು. ಕೊನೆಗೆ ಎರಡನ್ನೂ ಒಂದೇ ಹಾಳೆಗೆ ತಂದರು. ಆ ತಿರುವಿನಲ್ಲಿ ಒಂದು ದೀಪ ಬೇಕೆಂದು ನಮ್ಮ ಗಂಡಸರಿಗೆ ಹೊಳೆದದ್ದು ಆ ದಿನವೇ.

ತೋಟದ ಬಂಧುಗಳೇ, ನಿಮ್ಮ ತೋಟಕ್ಕೂ ಒಂದು ನಕ್ಷೆ ಇದ್ದೇ ಇರುತ್ತದೆ. ಅದರಲ್ಲಿ ರೊಬಸ್ಟಾ ಎಷ್ಟು ಎಕರೆ, ಅರೇಬಿಕಾ ಎಷ್ಟು, ಕಣ, ಗೋದಾಮು, ಬಂಗಲೆ ಎಲ್ಲ ಕಾಣುತ್ತವೆ. ಮಳೆಗಾಲದಲ್ಲಿ ಮಕ್ಕಳು ಜಾರಿ ಬೀಳುವ ಶಾಲೆಯ ದಾರಿ ಅದರಲ್ಲಿದೆಯೇ? ಆನೆ ದಾಟುವ ಜಾಗವಿದೆಯೇ? ಬೇಸಿಗೆಯಲ್ಲಿ ಒಣಗುವ ನಲ್ಲಿ ಯಾವುದು, ಒಣಗದ ಊಟೆ ಯಾವುದು ಎಂದಿದೆಯೇ? ಹೆರಿಗೆ ನೋವು ಬಂದಾಗ ಜೀಪು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ದೂರ ಹೊರಬೇಕು ಎಂದಿದೆಯೇ? ಮನೆ, ಕುಡಿಯುವ ನೀರು, ಶಿಶುಮಂದಿರ, ಔಷಧೋಪಚಾರ ಇವನ್ನು ಒದಗಿಸಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಆ ಕಾಯಿದೆಯ ವಿಷಯಗಳನ್ನು 2020ರಲ್ಲಿ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು. ಕಾಯಿದೆಯ ಹೆಸರು ಏನೇ ಇರಲಿ, 'ನೀರು ಇಲ್ಲ' ಎಂಬ ಬಾಯಿಮಾತಿಗಿಂತ 'ನಲವತ್ತು ಮನೆಗೆ ಈ ಒಂದು ನಲ್ಲಿ, ಅದು ಇಲ್ಲಿದೆ' ಎಂದು ತೋರಿಸುವ ಹಾಳೆಗೆ ತೂಕ ಹೆಚ್ಚು.

ಅದನ್ನು ಬರೆಯಲು ದೂರದ ಕಾಲೇಜಿನವರೇ ಬರಬೇಕೆಂದಿಲ್ಲ. ಲೈನಿನಲ್ಲಿ ಹತ್ತನೆಯ ತರಗತಿ ಓದುವ ಮಕ್ಕಳಿದ್ದಾರೆ. ಸ್ಲೇಟರರು ತಮ್ಮ ವಿದ್ಯಾರ್ಥಿಗಳನ್ನು ಅವರವರ ಊರಿಗೇ ಕಳುಹಿಸಿದ್ದರೆಂಬುದನ್ನು ಮರೆಯಬೇಡಿ. ಯೆರೂಸಲೇಮಿನ ಗೋಡೆ ಕಟ್ಟಲು ಬಂದ ನೆಹೆಮೀಯನು ಮೊದಲು ರಾತ್ರಿಯಲ್ಲಿ ಬಿದ್ದ ಗೋಡೆಯನ್ನು ಸುತ್ತಿ ನೋಡಿದನೆಂದೂ, ಆಮೇಲೆ ಅನೇಕರು ತಮ್ಮ ತಮ್ಮ ಮನೆಯ ಮುಂದಿನ ಭಾಗವನ್ನೇ ಕಟ್ಟಿದರೆಂದೂ ನೀವು ಓದಿದ್ದೀರಿ. ಮೊದಲು ಸುತ್ತಿ ನೋಡಬೇಕು, ಆಮೇಲೆ ಕಟ್ಟಬೇಕು. ಕಟ್ಟುವಾಗ ಅವರವರ ಬಾಗಿಲ ಮುಂದಿನಿಂದ ತೊಡಗಬೇಕು.

ಹೊರಗಿನಿಂದ ವಿದ್ಯಾರ್ಥಿಗಳು ಬಂದರೆ ಅವರಿಗೆ ಚಹಾ ಕೊಡಿ, ಜೊತೆಗೆ ನಾಲ್ಕು ಮಾತನ್ನೂ ಹೇಳಿ. ಬರೆಯುವ ಮೊದಲು ಏಕೆಂದು ತಿಳಿಸಬೇಕು. ರೈಟರನ ಮನೆಯಲ್ಲೋ ಮೇಸ್ತ್ರಿಯ ಮನೆಯಲ್ಲೋ ಕೂತು ಮುಗಿಸದೆ ಕೊನೆಯ ಲೈನಿನ ಕೊನೆಯ ಮನೆಗೂ ಬರಬೇಕು, ಹೆಂಗಸರು ಕೆಲಸದಿಂದ ಬಂದ ಮೇಲೆ ಬರಬೇಕು. ಬರೆದದ್ದನ್ನು ಹೊರಡುವ ಮೊದಲು ಎಲ್ಲರ ಮುಂದೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು. ಕೊನೆಯದಾಗಿ, ನಮಗೆ ತಿಳಿಯುವ ಭಾಷೆಯಲ್ಲಿ ಒಂದು ಪ್ರತಿಯನ್ನು ಇಲ್ಲೇ ಬಿಟ್ಟು ಹೋಗಬೇಕು. ನಮ್ಮ ಊರಿನವರು ಎರಡು ಪ್ರತಿ ಕೇಳಿದೆವು: ಪಂಚಾಯಿತಿಗೆ ತೆಲುಗಿನದು, ಬೀದಿಗೆ ಕನ್ನಡದ್ದು.

ಆ ಮಕ್ಕಳು ಮಾತು ಉಳಿಸಿಕೊಂಡರೋ ಎಂದು ನೀವು ಕೇಳಬಹುದು. ಮಳೆಗಾಲ ಹಿಡಿದ ಮೇಲೆ ಇಬ್ಬರು ಬಸ್ಸಿನಲ್ಲಿ ಬಂದರು. ಸುತ್ತಿದ ಹಾಳೆ ಬಿಚ್ಚಿ ಶಾಲೆಯ ಗೋಡೆಗೆ ಅಂಟಿಸಿದರು. ಕಾಲುವೆ ದಂಡೆಯಲ್ಲಿ ನಲ್ಲಿ, ಬೇವಿನ ಮರ, ಕತ್ತಲ ತಿರುವು ಎಲ್ಲ ಇದ್ದವು. ಒಪ್ಪದವರ ಮನೆಗಳ ಜಾಗದಲ್ಲಿ ಮನೆಯ ಗುರುತಿರಲಿಲ್ಲ. 'ಇಲ್ಲಿ ಜನರಿದ್ದಾರೆ' ಎಂದು ಮಾತ್ರ ಬರೆದಿತ್ತು. ಅಜ್ಜಿಗೆ ಓದಲು ಬಾರದು. ಮೊಮ್ಮಗಳ ಕೈಯಲ್ಲಿ ಅದನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ತನ್ನ ಬಾವಿ ಒಂದು ಗೇಣು ಆಚೆ ಆಗಿದೆ ಎಂದು ಜಗಳಕ್ಕೆ ನಿಂತಳು. ಹುಡುಗರು ನಗುತ್ತಾ ಪೆನ್ಸಿಲು ತೆಗೆದು ತಿದ್ದಿದರು.

ತಿರುವಿನ ದೀಪ ಇನ್ನೂ ಬಂದಿಲ್ಲ. ಅರ್ಜಿಯ ಜೊತೆಗೆ ಆ ನಕ್ಷೆಯ ಪ್ರತಿಯನ್ನು ಇಟ್ಟಿದ್ದೇವೆ. ಕೇಳುತ್ತಲೇ ಇರುತ್ತೇವೆ.